ಎದೆಯಲ್ಲಿ ನೀರು: ಟಿಬಿಯೋ, ಲೂಪಸ್ಸೋ?

ಉಸಿರು ಎಳೆದರೆ ಪಕ್ಕೆಯಲ್ಲಿ ಚುಚ್ಚುವ ನೋವು. ಎಕ್ಸ್‌ರೇ ತೆಗೆಸಿದರೆ ‘ಶ್ವಾಸಕೋಶಕ್ಕೆ ನೀರು ತುಂಬಿದೆ’ ಅನ್ನುತ್ತಾರೆ. ಈ ಮಾತು ಕೇಳಿದ ತಕ್ಷಣ ನಮ್ಮಲ್ಲಿ ಎಲ್ಲರ ಬಾಯಿಗೂ ಬರುವ ಹೆಸರು ಟಿಬಿ. ಅದರಲ್ಲಿ ತಪ್ಪೇನಿಲ್ಲ. ಭಾರತದಲ್ಲಿ ಚಿಕ್ಕ ವಯಸ್ಸಿನವರಿಗೆ ಹೀಗಾಗಲು ಅದೇ ದೊಡ್ಡ ಕಾರಣ. ಆದರೆ ಅದೇ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಲೂಪಸ್ ಅನ್ನೋ ಕಾಯಿಲೆ ಕೂಡ ಇದೇ ವೇಷದಲ್ಲಿ ಬರುತ್ತದೆ. ಜ್ವರ, ಸುಸ್ತು, ತೂಕ ಇಳಿಯುವುದು ಎರಡರಲ್ಲೂ ಉಂಟು.

ನೀರು ಸೇರಿಕೊಳ್ಳುವುದು ಶ್ವಾಸಕೋಶದ ಹೊರಗೆ, ಅದನ್ನು ಸುತ್ತಿರುವ ಎರಡು ಪದರದ ತೆಳು ಹೊದಿಕೆಯ ನಡುವೆ. ಈ ಹೊದಿಕೆಗೆ ಪ್ಲೂರಾ ಅಂತ ಹೆಸರು. ಪದರಗಳು ಸಲೀಸಾಗಿ ಜಾರಲಿ ಅಂತ ಅಲ್ಲಿ ಕೆಲವೇ ಚಮಚ ದ್ರವ ಇರುತ್ತದೆ. ಲೂಪಸ್‌ನಲ್ಲಿ, ರೋಗಾಣುಗಳ ಜೊತೆ ಹೋರಾಡಬೇಕಾದ ದೇಹದ ಪಡೆ ತನ್ನ ಜೀವಕೋಶಗಳ ಮೇಲೇ ಬೀಳುತ್ತದೆ. ಹೊದಿಕೆ ಊದಿ, ದ್ರವ ಒಸರುತ್ತದೆ.

ಹಲಸಿನ ಹಣ್ಣು ಬಲಿತಿದೆಯಾ ಅಂತ ತಟ್ಟಿ ಸದ್ದು ಕೇಳುತ್ತೇವೆ, ಅಲ್ವಾ? 1761ರಲ್ಲಿ ವಿಯೆನ್ನಾದ ವೈದ್ಯ ಲಿಯೋಪೋಲ್ಡ್ ಔಯೆನ್‌ಬ್ರುಗ್ಗರ್ ಹಾಗೇ ಎದೆ ತಟ್ಟಿ ನೋಡುವುದನ್ನು ವಿವರಿಸಿದ. ನೀರಿರುವ ಕಡೆ ಸದ್ದು ಮಂಕು. 1816ರಲ್ಲಿ ಪ್ಯಾರಿಸ್‌ನ ವೈದ್ಯ ಲೆನೆಕ್ ಕಾಗದ ಸುರುಳಿ ಸುತ್ತಿ ಎದೆಗಿಟ್ಟು ಆಲಿಸಿದ. ಸ್ಟೆತಸ್ಕೋಪ್ ಹುಟ್ಟಿದ್ದು ಹಾಗೆ. ನೀರಿದೆ ಅಂತ ತಿಳಿಯಿತು, ಯಾಕೆ ಬಂತು ಅಂತ ತಿಳಿಯಲಿಲ್ಲ. ಲೂಪಸ್ ಅಂದರೆ ಆಗ ಬರೀ ಚರ್ಮದ ರೋಗ. ಅದು ಒಳಗಿನ ಅಂಗಗಳನ್ನೂ ಹಿಡಿಯುತ್ತದೆ ಅಂತ ಕಪೋಸಿ, ಆಸ್ಲರ್‌ರಂಥ ವೈದ್ಯರು ಬರೆದದ್ದು 19ನೇ ಶತಮಾನದ ಕೊನೆಯ ಹೊತ್ತಿಗೆ.

1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಹಾರ್‌ಗ್ರೇವ್ಸ್ ಮತ್ತು ಸಂಗಡಿಗರು ಲೂಪಸ್ ರೋಗಿಗಳ ಅಸ್ಥಿಮಜ್ಜೆಯಲ್ಲಿ ಒಂದು ವಿಚಿತ್ರ ಬಿಳಿ ರಕ್ತಕಣ ಕಂಡರು. ಅದು ಇನ್ನೊಂದು ಜೀವಕೋಶದ ಕೇಂದ್ರವನ್ನೇ ನುಂಗಿ ಕೂತಿತ್ತು. ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಹಿಡಿಸುವ ಘಟ್ಟ ಇದು. ದೇಹ ತನ್ನನ್ನೇ ತಿನ್ನುವುದು ಕಣ್ಣಿಗೆ ಕಂಡಿತು. ಮುಂದೆ ಎದೆಯಿಂದ ತೆಗೆದ ನೀರಿನಲ್ಲೂ ಇದೇ ಕಣ ಸಿಕ್ಕಿತು. ಜೀವಕೋಶದ ಕೇಂದ್ರದ ಮೇಲೇ ಬೀಳುವ ಪ್ರತಿಕಾಯಗಳನ್ನು ಹುಡುಕುವ ಎಎನ್‌ಎ ರಕ್ತಪರೀಕ್ಷೆ 1957ರ ಸುಮಾರಿಗೆ ಬಂತು; ಈ ಕಣ ಹುಡುಕುವ ಪರೀಕ್ಷೆಯ ಜಾಗ ಹಿಡಿಯಿತು.

ಔಷಧಿಯೂ ಅದೇ ಕಾಲದ್ದು. 1948ರಲ್ಲೇ, ಅದೇ ಮೇಯೊದಲ್ಲಿ, ಫಿಲಿಪ್ ಹೆಂಚ್ ಸಂಧಿವಾತದ ರೋಗಿಗೆ ಕಾರ್ಟಿಸೋನ್ ಅನ್ನೋ ಸ್ಟೀರಾಯ್ಡ್ ಕೊಟ್ಟರು. 1950ರಲ್ಲಿ ನೊಬೆಲ್ ಬಂತು. ಇವತ್ತಿಗೂ ಲೂಪಸ್‌ನ ಎದೆನೀರಿಗೆ ನೋವಿನ ಮಾತ್ರೆ ಸಾಲದಿದ್ದರೆ ಸ್ಟೀರಾಯ್ಡ್ ಕೊಡುತ್ತಾರೆ. ಮಲೇರಿಯಾಕ್ಕೂ ಬಳಸುವ ಹೈಡ್ರಾಕ್ಸಿಕ್ಲೋರೋಕ್ವಿನ್ ದೀರ್ಘಕಾಲ ನಡೆಯುತ್ತದೆ.

ಸ್ಟೀರಾಯ್ಡ್ ಶುರು ಮಾಡುವ ಮೊದಲೇ ಟಿಬಿ ಇದೆಯಾ ಅಂತ ನೋಡಬೇಕು. ಟಿಬಿ ಇದ್ದು, ಅದಕ್ಕೆ ಮದ್ದಿಲ್ಲದೆ ಬರೀ ಸ್ಟೀರಾಯ್ಡ್ ಕೊಟ್ಟರೆ ರೋಗ ಕೆರಳಬಹುದು. ಹಾಗಾಗಿ ರೋಗಿಯನ್ನು ಮುಂದಕ್ಕೆ ಬಾಗಿಸಿ ಕೂರಿಸಿ, ಬೆನ್ನಿನ ಕಡೆ ಪಕ್ಕೆಲುಬಿನ ಸಂದಿಯಲ್ಲಿ ಸೂಜಿ ಇಳಿಸಿ ನೀರು ತೆಗೆಯುತ್ತಾರೆ. ಉರಿಯೂತದ ನೀರೋ, ಹೃದಯ ಸೋತು ಬಂದ ನೀರೋ ಅಂತ ಬೇರ್ಪಡಿಸಲು 1972ರಲ್ಲಿ ರಿಚರ್ಡ್ ಲೈಟ್ ಕೊಟ್ಟ ಅಳತೆಗಳನ್ನೇ ಈಗಲೂ ಬಳಸುತ್ತಾರೆ. ನೀರಿನಲ್ಲಿ ಎಡಿಎ ಅನ್ನೋ ಕಿಣ್ವದ ಪ್ರಮಾಣ ಲೀಟರಿಗೆ 40 ಯೂನಿಟ್ ದಾಟಿದರೆ ನಮ್ಮಲ್ಲಿ ಟಿಬಿಯ ಅನುಮಾನ ಗಟ್ಟಿಯಾಗುತ್ತದೆ. ಆದರೆ ಸಂಧಿವಾತದಲ್ಲೂ ಅದು ಏರಬಹುದು. ಬರೀ ಆ ನಂಬರನ್ನೇ ಹಿಡಿದು ಕೂರಬಾರದು. ಬೆಳಗ್ಗೆ ಬೆರಳು ಬಿಗಿಯುವುದು, ಬಿಸಿಲಿಗೆ ಕೆನ್ನೆ ಕೆಂಪಾಗುವುದು, ಕೂದಲು ಉದುರುವುದು ಇದ್ದರೆ ಅದು ಲೂಪಸ್‌ನ ಸುಳಿವಿರಬಹುದು; ಎದೆ ಡಾಕ್ಟರಿಗೆ ಇದೆಲ್ಲ ಯಾಕೆ ಅಂತ ಸುಮ್ನಿರಬೇಡಿ, ಹೇಳಿ.

ಇನ್ನೊಂದು ತೊಡಕಿದೆ. ಟಿಬಿಗೆ ಕೊಡುವ ಐಸೋನಿಯಾಜಿಡ್ ಮಾತ್ರೆಯಿಂದಲೇ ಅಪರೂಪಕ್ಕೆ ಲೂಪಸ್‌ನಂಥ ಕಾಯಿಲೆ ಬಂದು, ಎದೆಹೊದಿಕೆ ಊದುವುದುಂಟು. ಅಂಥವರಿಗೆ ವೈದ್ಯರು ಆ ಮಾತ್ರೆ ನಿಲ್ಲಿಸಿ ಬೇರೆಯದು ಕೊಟ್ಟರೆ, ನೋವು ಸಾಮಾನ್ಯವಾಗಿ ತಾನಾಗಿಯೇ ಇಳಿಯುತ್ತದೆ.