ನಿಧಾನ ಗಿಡಕ್ಕೆ ಮೊದಲು ಬೆಳಕು, ಆಮೇಲೆ ನೀರು: ಝೀಝೀ ಪ್ಲಾಂಟ್ ಟಿಪ್ಪಣಿ

ಮನೆಯೊಳಗಿನ ಗಿಡಗಳಲ್ಲಿ ನಿಧಾನವಾಗಿ ಬೆಳೆಯುವವನ್ನು ಬೇರೆಯಾಗಿಯೇ ಓದಿಕೊಳ್ಳಬೇಕು. ಮನಿ ಪ್ಲಾಂಟಿನ ಲೆಕ್ಕ ಇವಕ್ಕೆ ಹೊಂದುವುದಿಲ್ಲ. ಉದಾಹರಣೆಗೆ ಝೀಝೀ ಪ್ಲಾಂಟ್ ತೆಗೆದುಕೊಳ್ಳೋಣ. ನರ್ಸರಿಯಲ್ಲಿ ಥಳಥಳ ಹೊಳೆಯುತ್ತಿರುತ್ತದೆ. ಮನೆಗೆ ತಂದು ಮೂರು ತಿಂಗಳಾದರೂ ಅಲ್ಲಾಡುವುದಿಲ್ಲ.

ಇದರ ತವರು ಪೂರ್ವ ಆಫ್ರಿಕಾ: ಕೀನ್ಯಾ, ಟಾಂಜಾನಿಯಾ ಕಡೆಯಿಂದ ದಕ್ಷಿಣ ಆಫ್ರಿಕಾದವರೆಗೆ. ಬಂಧುಗಳು ಮಾತ್ರ ನಮಗೆ ಪರಿಚಯದವರೇ, ಕೆಸು ಮತ್ತು ಸುವರ್ಣಗಡ್ಡೆ. ಮೂರೂ ಒಂದೇ ಕುಟುಂಬ. ಅವುಗಳ ಹಾಗೆ ಇದಕ್ಕೂ ಮಣ್ಣಿನೊಳಗೆ ಗಡ್ಡೆ ಇದೆ, ರಸ ತಾಗಿದರೆ ತುರಿಕೆಯೂ ಇದೆ. ಮಳೆ ಇಲ್ಲದ ತಿಂಗಳುಗಳಿಗೆ ಬೇಕಾದ ನೀರನ್ನು ಗಡ್ಡೆಯಲ್ಲಿ ಕೂಡಿಟ್ಟುಕೊಳ್ಳುತ್ತದೆ.

ಇಲ್ಲೊಂದು ವಿಷಯ ಗಮನಿಸಿ. ಮೇಲೆ ನೆಟ್ಟಗೆ ನಿಂತ ಹಸಿರು ದಂಟು ಕಾಂಡವಲ್ಲ. ಒಂದೊಂದು ದಂಟೂ ಒಂದೊಂದು ಎಲೆ. ಅದರ ಎರಡೂ ಬದಿಗೆ ಇರುವವು ಕಿರುಎಲೆಗಳು. ಪೂರ್ತಿ ಬಿಚ್ಚಿಕೊಂಡ ಎಲೆ ಮತ್ತೆ ಉದ್ದವಾಗುವುದಿಲ್ಲ. ಆದ್ದರಿಂದ ತುದಿ ನೋಡುತ್ತ ಕೂತರೆ ಏನೂ ಕಾಣುವುದಿಲ್ಲ. ಬುಡ ನೋಡಬೇಕು. ಹೊಸ ಎಲೆ ಅಲ್ಲಿ ಮಣ್ಣು ಸೀಳಿಕೊಂಡು ಬರುತ್ತದೆ, ದಪ್ಪ, ಎಳೆಹಸಿರು, ಕಿರುಎಲೆಗಳೆಲ್ಲ ಒತ್ತಾಗಿ ಸುತ್ತಿಕೊಂಡು.

ಈಗ ಬೆಳಕು. ‘ಕತ್ತಲಲ್ಲೂ ಬೆಳೆಯುತ್ತೆ’ ಎಂದು ಮಾರುತ್ತಾರೆ. ಬದುಕುತ್ತದೆ ಅಷ್ಟೇ, ಬೆಳೆಯುವುದಿಲ್ಲ. ಗಿಡ ಹಗಲಿರುಳೂ ಉಸಿರಾಡುತ್ತದೆ, ಅದಕ್ಕೆ ಆಹಾರ ಖರ್ಚಾಗುತ್ತದೆ. ಆಹಾರ ತಯಾರಾಗುವುದು ಬೆಳಕಿನಿಂದ. ಮೂಲೆಯ ಬೆಳಕಿನಲ್ಲಿ ಆದಾಯ, ಖರ್ಚು ಎರಡೂ ಸಮ. ಹೊಸ ಎಲೆಗೆ ಉಳಿತಾಯ ಎಲ್ಲಿಂದ ಬರಬೇಕು? ನೆತ್ತಿಯ ಬಿಸಿಲು ಸುಮಾರು 1,00,000 ಲಕ್ಸ್ (ಬೆಳಕನ್ನು ಅಳೆಯುವ ಮಾನ) ಇದ್ದರೆ, ಹಾಲ್‌ನ ಒಳಮೂಲೆಯಲ್ಲಿ 100–200 ಸಿಕ್ಕರೆ ಹೆಚ್ಚು. ನಮ್ಮ ಕಣ್ಣು ಹೊಂದಿಕೊಂಡುಬಿಡುತ್ತದೆ, ಹಾಗಾಗಿ ಈ ವ್ಯತ್ಯಾಸ ನಮಗೆ ಗೊತ್ತಾಗುವುದಿಲ್ಲ. ಫೋನಿನ ಲಕ್ಸ್ ಮೀಟರ್ ಆ್ಯಪ್ ಅಂದಾಜಿಗೆ ಸಾಕು. ಕುಂಡವನ್ನು ಕಿಟಕಿಯಿಂದ ಮೂರು ನಾಲ್ಕು ಅಡಿಯೊಳಗೆ ತನ್ನಿ, ಸುಡುಬಿಸಿಲು ನೇರವಾಗಿ ಬೀಳದಿದ್ದರೆ ಆಯಿತು.

ದಕ್ಷಿಣದ ಕಿಟಕಿ ಒಳ್ಳೆಯದು ಎಂದು ಎಲ್ಲ ಕಡೆ ಓದುತ್ತೀರಿ. ಅದು ಯುರೋಪು, ಅಮೆರಿಕದವರ ಲೆಕ್ಕ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರಕ್ಕಿರುತ್ತಾನೆ. ಆ ತಿಂಗಳುಗಳಲ್ಲಿ ಬೆಳಗ್ಗೆ, ಸಂಜೆ ಉತ್ತರದ ಕಿಟಕಿಗೂ ಓರೆಬಿಸಿಲು ಬರುತ್ತದೆ. ಡಿಸೆಂಬರಿನಲ್ಲಿ ದಕ್ಷಿಣದ ಕಿಟಕಿಯಿಂದ ಬಿಸಿಲು ಒಳಗಿನವರೆಗೂ ಚಾಚುತ್ತದೆ. ಪುಸ್ತಕಕ್ಕಿಂತ ನಿಮ್ಮ ಮನೆಯ ನೆಲದ ಮೇಲಿನ ಬಿಸಿಲನ್ನು ನಂಬಿ.

ನೀರು ಬೆಳಕನ್ನು ಹಿಂಬಾಲಿಸಬೇಕು. ಬೆಳಕು ಕಡಿಮೆ ಎಂದರೆ ಗಿಡ ಕುಡಿಯುವುದೂ ಕಡಿಮೆ. ಬೆಳೆಯುತ್ತಿಲ್ಲ ಎಂದು ಇನ್ನೊಂದು ಲೋಟ ಸುರಿದರೆ ಮಣ್ಣಿನ ಸಂದುಗಳಲ್ಲಿದ್ದ ಗಾಳಿ ಹೊರಟುಹೋಗುತ್ತದೆ, ಬೇರಿಗೆ ಆಮ್ಲಜನಕ ಸಿಗದೆ ಕೊಳೆಯುತ್ತದೆ. ‘ವಾರಕ್ಕೊಮ್ಮೆ’ ಅನ್ನುವ ನಿಯಮ ನನ್ನ ಪ್ರಕಾರ ಸುಮ್ನೆ. ಕುಂಡದ ಮಣ್ಣಿಗೆ ಬೆರೆಸುವ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮೇಲೆ ಒಣಗಿದಂತೆ ಕಂಡರೂ ಒಳಗೆ ತೇವ ಹಿಡಿದುಕೊಂಡಿರುತ್ತದೆ. ಉರಿದು ಮುಗಿದ ಊದುಬತ್ತಿಯ ಕಡ್ಡಿಯನ್ನು ತಳದವರೆಗೆ ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಎಳೆಯಿರಿ. ಮಣ್ಣು ಮೆತ್ತಿಕೊಂಡು ಬಂದರೆ ನೀರು ಬೇಡ. ಮಳೆಗಾಲದ ಮೋಡದ ದಿನಗಳಲ್ಲಿ ಮೂರು ವಾರವೂ ಹಾಗೇ ನಡೆಯಬಹುದು.

ದಂಟು ಸುಕ್ಕುಗಟ್ಟಿದರೆ ಬಾಯಾರಿಕೆ. ಬುಡ ಮೆತ್ತಗಾಗಿ ಹಳದಿಯಾದರೆ ಕೊಳೆತ. ಹಳೆಯ ಒಂದೆರಡು ಕಿರುಎಲೆ ಹಣ್ಣಾಗಿ ಉದುರುವುದು ಮಾಮೂಲು.

ಕುಂಡ ದೊಡ್ಡದಾದಷ್ಟೂ ತೊಂದರೆ ಜಾಸ್ತಿ. ಬೇರು ತಲುಪದ ಮಣ್ಣು ಒಣಗುವುದೇ ಇಲ್ಲ. ಗಡ್ಡೆ ತುಂಬಿ ಪ್ಲಾಸ್ಟಿಕ್ ಕುಂಡ ಉಬ್ಬಿದಾಗ ಒಂದೆರಡು ಇಂಚು ದೊಡ್ಡದಕ್ಕೆ ಬದಲಿಸಿ. ತಳಕ್ಕೆ ಜಲ್ಲಿ ಹಾಕಿದರೆ ನೀರು ಬೇಗ ಇಳಿಯುತ್ತದೆ ಅನ್ನೋದು ತಪ್ಪು ಕಲ್ಪನೆ. ಸಣ್ಣ ಕಣದ ಮಣ್ಣಿನಿಂದ ದಪ್ಪ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ, ಜಲ್ಲಿಯ ಮೇಲೆಯೇ ನಿಲ್ಲುತ್ತದೆ. ಅಂದರೆ ತೇವ ಬೇರಿಗೆ ಇನ್ನೂ ಹತ್ತಿರ. ಇಟ್ಟಿಗೆ ಚೂರು, ಇದ್ದಿಲು ಏನೇ ಇದ್ದರೂ ಇಡೀ ಮಣ್ಣಿಗೆ ಬೆರೆಸಿ. ಕುಂಡದ ತಳದಲ್ಲಿ ತೂತು ಇರಲೇಬೇಕು.

ಗೊಬ್ಬರ? ಹೊಸ ಎಲೆ ಬರುತ್ತಿರುವಾಗ ಒಂದು ಹಿಡಿ ಎರೆಗೊಬ್ಬರ ಸಾಕು.

ಅಭ್ಯಾಸಕ್ಕೆ ಒಂದು ಪ್ರಯೋಗ. ಒಂದು ಕಿರುಎಲೆ ಕಿತ್ತು ಅರ್ಧದಷ್ಟು ಮಣ್ಣಿಗೆ ಊರಿ. ಅದರ ಬುಡದಲ್ಲಿ ಮೊದಲು ಪುಟ್ಟ ಗಡ್ಡೆ ಕಟ್ಟುತ್ತದೆ, ಜೊತೆಗೆ ಬೇರು ಬಿಡುತ್ತದೆ. ಮೇಲೆ ಚಿಗುರು ಕಾಣಲು ಹಲವು ತಿಂಗಳು, ಕೆಲವೊಮ್ಮೆ ವರ್ಷವೇ ಬೇಕು. ನೆಟ್ಟ ಕಿರುಎಲೆ ಹಸಿರಾಗಿ ಗಟ್ಟಿಯಾಗಿದ್ದರೆ ಕಿತ್ತು ನೋಡಬೇಡಿ.