ಮೊದಲು ಊರು, ಆಮೇಲೆ ಹೆಸರು, ಕೊನೆಗೆ ಲಾಟ್ ನಂಬರ್

ಕೋಲಾರದಲ್ಲಿ ಒಂದು ಟೊಮೆಟೊ ಮಂಡಿಗೆ ಲೆಕ್ಕದ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೆ. ಒಂದು ದಿನ ಮಂಡಿ ಯಜಮಾನರು ಎರಡು ಹಾಳೆ ಮುಂದಿಟ್ಟರು. "ಒಂದೇ ದಿನದ ಪಟ್ಟಿ. ಬೆಳಿಗ್ಗೆ ಮೇಲಿದ್ದ ಸಾಲು ಸಂಜೆ ಕೆಳಗೆ ಹೋಗಿದೆ ನೋಡಪ್ಪಾ, ಹೀಗಾದ್ರೆ ಟಿಕ್ ಹಾಕೋದು ಹೆಂಗೆ?"

ಮೊತ್ತ ಪೈಸೆ ಪೈಸೆಗೂ ಸರಿಯಿತ್ತು. ತಪ್ಪು ನನ್ನ ಸಾರ್ಟಿಂಗ್‌ನಲ್ಲಿತ್ತು, ಅಂದರೆ ಸಾಲುಗಳನ್ನು ಕ್ರಮವಾಗಿ ಜೋಡಿಸುವುದರಲ್ಲಿ. ಕ್ರಮ ನಿರ್ಧರಿಸುವ ಕೀ ಅಂತ ಊರು, ರೈತರ ಹೆಸರು, ಈ ಎರಡನ್ನೇ ಕೊಟ್ಟಿದ್ದೆ. ಆದರೆ ಮುಳಬಾಗಿಲು ಕಡೆಯ ಒಬ್ಬ ರೈತರು ಒಂದೇ ದಿನ ಮೂರು ಲಾಟ್ ತಂದಿದ್ದರು, 15 ಕೆ.ಜಿ. ಬಾಕ್ಸ್‌ಗಳೇ, ದರ ಮಾತ್ರ ಬೇರೆ ಬೇರೆ. ಮೂರಕ್ಕೂ ಊರು ಒಂದೇ, ಹೆಸರು ಒಂದೇ. ಹೀಗೆ ಸಮ ಬಂದ ಸಾಲುಗಳನ್ನು ಯಾವ ಕ್ರಮದಲ್ಲಿ ಕೊಡಬೇಕು ಅಂತ ಆರ್ಡರ್ ಬೈನಲ್ಲಿ (ಡೇಟಾಬೇಸ್‌ಗೆ ಕ್ರಮ ಹೇಳುವ ಆದೇಶದಲ್ಲಿ) ನಾವು ಬರೆಯದಿದ್ದರೆ, ಡೇಟಾಬೇಸ್ ತನಗೆ ಸಿಕ್ಕ ಕ್ರಮದಲ್ಲಿ ಕೊಡುತ್ತದೆ, ಇವತ್ತೊಂದು ಥರ, ನಾಳೆ ಇನ್ನೊಂದು ಥರ. ಎಂದೂ ಎರಡು ಸಲ ಬರದ ಲಾಟ್ ನಂಬರನ್ನು ಕೊನೆಯ ಕೀ ಮಾಡಿದೆ. ಸರಿಹೋಯಿತು.

ಕೋಡ್‌ನಲ್ಲಿ ಹೋಲಿಸುವಾಗಲೂ ಇದೇ ದಾರಿ. ಮೊದಲ ಕೀ ಹೋಲಿಸಿ, ಸೊನ್ನೆ, ಅಂದರೆ ಎರಡೂ ಸಮ ಅಂತ, ಬಂದರೆ ಮಾತ್ರ ಎರಡನೆಯದಕ್ಕೆ ಹೋಗಿ. ಜಾವಾ ಭಾಷೆಯಲ್ಲಿ 8ನೇ ಆವೃತ್ತಿಯಿಂದ ಇದಕ್ಕೆ ದೆನ್‌ಕಂಪೇರಿಂಗ್ ಎಂಬ ಫಂಕ್ಷನ್ ಇದೆ, ಹಳೆಯ ಕೋಬಾಲ್ ಭಾಷೆಯ ಸಾರ್ಟ್‌ನಲ್ಲಂತೂ ಕೀಗಳನ್ನು ಸಾಲಾಗಿ ಬರೆದರೆ ಸಾಕು. ಆದರೂ ಕೆಲವರು ಕೀಗಳನ್ನು ಒಂದಕ್ಕೊಂದು ಅಂಟಿಸಿ ಒಂದೇ ಪದ ಮಾಡಿ ಹೋಲಿಸುತ್ತಾರೆ. ದಯವಿಟ್ಟು ಬೇಡ. ಊರಿನ ಕೋಡ್ 1, ರೈತರ ಕೋಡ್ 12 ಇದ್ದರೂ 112, ಊರು 11, ರೈತರು 2 ಆದರೂ 112, ಯಾರ ಸಾಲು ಯಾರದು ಅಂತ ಗೊತ್ತಾಗೋದೇ ಇಲ್ಲ ಅಲ್ವಾ?

ಒಂದು ದರದಿಂದ ಇನ್ನೊಂದನ್ನು ಕಳೆದು ಹೋಲಿಸುವ ಅಭ್ಯಾಸವೂ ಅಪಾಯ. ಕೆ.ಜಿ.ಗೆ 12.50 ಮತ್ತು 12.00 ಕಳೆದರೆ ಅರ್ಧ ರೂಪಾಯಿ, ಅದನ್ನು ದಶಾಂಶ ಬಿಟ್ಟು ಪೂರ್ಣಾಂಕ ಮಾಡಿದರೆ ಸೊನ್ನೆ. ಎರಡು ದರವೂ ಸಮ ಅಂದುಕೊಂಡು ಪ್ರೋಗ್ರಾಂ ಮುಂದಿನ ಕೀಗೆ ಹೋಗಿಬಿಡುತ್ತದೆ. ಭಾಷೆಯಲ್ಲೇ ಇರುವ ಹೋಲಿಕೆಯ ಫಂಕ್ಷನ್ ಬಳಸಿ.

ಹೆಸರುಗಳು ಕನ್ನಡದಲ್ಲಿದ್ದರೆ ಇನ್ನೊಂದು ತೊಡಕಿದೆ. ಕಂಪ್ಯೂಟರ್‌ನಲ್ಲಿ ಪ್ರತಿ ಅಕ್ಷರಕ್ಕೂ ಇರುವ ಯೂನಿಕೋಡ್ ಸಂಖ್ಯೆಗಳಲ್ಲಿ ಳ ಅಕ್ಷರ ಲ ಆದ ಕೂಡಲೇ ಬರುತ್ತದೆ, ನಮ್ಮ ವರ್ಣಮಾಲೆಯಲ್ಲಿ ಹ ಆದಮೇಲೆ. ಸುಮ್ನೆ ಸಾರ್ಟ್ ಮಾಡಿದರೆ 'ಕವನ'ಕ್ಕಿಂತ ಮುಂಚೆ 'ಕಳಸ' ಬಂದು ಕೂರುತ್ತದೆ. ಕನ್ನಡದ ಕ್ರಮ ತಿಳಿದ ಕೊಲೇಟರನ್ನೇ (ಭಾಷೆಯ ಅಕ್ಷರಕ್ರಮದಂತೆ ಪದಗಳನ್ನು ಹೋಲಿಸುವ ಸಾಧನ) ಹೆಸರಿನ ಕೀಗೆ ಕೊಡಬೇಕು. ಕೈಬರಹದ ಪುಸ್ತಕದ ಪಕ್ಕದಲ್ಲಿಟ್ಟು ಒಂದೊಂದೇ ಸಾಲು ನೋಡುವ ಯಜಮಾನರಿಗೆ ಹೆಸರು ಇರಬೇಕಾದ ಜಾಗದಲ್ಲೇ ಸಿಗಬೇಕು.