ಬಿಗ್ ಬ್ಯಾಂಡ್ ನಡುವೆ ಹ್ಯಾಮಂಡ್ ಆರ್ಗನ್: ಜಿಮ್ಮಿ ಸ್ಮಿತ್ ಅವರ ‘ಬ್ಯಾಶಿನ್’ ಕೇಳುವ ಬಗೆ

ಸೋಲ್ ಜಾಝ್ (ಚರ್ಚ್ ಸಂಗೀತದ ಛಾಯೆಯಿರುವ ಜಾಝ್) ಆರ್ಗನ್ ಅಭ್ಯಾಸಕ್ಕೆ ಒಂದೇ ಆಲ್ಬಂ ಆರಿಸಿಕೊಳ್ಳಬೇಕೆಂದರೆ ನಾನು ಹೇಳುವುದು 1962ರ ‘ಬ್ಯಾಶಿನ್’. ಹೊರತಂದದ್ದು ವರ್ವ್ ಕಂಪನಿ. ಆರ್ಗನ್ ಜಿಮ್ಮಿ ಸ್ಮಿತ್ ಅವರದು, ಬ್ಯಾಂಡಿನ ವಾದ್ಯಸಂಯೋಜನೆ ಆಲಿವರ್ ನೆಲ್ಸನ್ ಅವರದು. ಎಲ್‌ಪಿಯ ಮೊದಲ ಬದಿಯಲ್ಲಿ ಬಿಗ್ ಬ್ಯಾಂಡ್, ಅಂದರೆ ಊದುವಾದ್ಯಗಳ ದೊಡ್ಡ ಮೇಳ, ಇದೆ. ಎರಡನೆಯ ಬದಿಯಲ್ಲಿ ಆರ್ಗನ್, ಗಿಟಾರ್ ಮತ್ತು ಡ್ರಮ್ಸ್ ಮಾತ್ರ. ಒಬ್ಬರೇ ಆರ್ಗನ್ ವಾದಕರನ್ನು ಎರಡೂ ಬಗೆಯಲ್ಲಿ ಪಕ್ಕಪಕ್ಕದಲ್ಲಿ ಕೇಳುವ ಅವಕಾಶ ಕಲಿಯುವವರಿಗೆ ಅಪರೂಪ.

ಇಲ್ಲಿರುವ ತೊಡಕನ್ನು ಮೊದಲು ತಿಳಿಯೋಣ. ಸ್ಮಿತ್ ಅವರ ಆರ್ಗನ್ ಆದ ಹ್ಯಾಮಂಡ್ ಬಿ-3 ಒಂಟಿಯಾಗಿಯೇ ಇಡೀ ಮೇಳದಷ್ಟು ಜಾಗ ತುಂಬಬಲ್ಲ ವಾದ್ಯ. 61 ಕೀಲಿಗಳ ಎರಡು ಸಾಲು, ಕಾಲಿಗೆ 25 ಪೆಡಲ್‌, ಒಳಗೆ ತಿರುಗುವ 91 ಲೋಹದ ಸ್ವರಚಕ್ರಗಳು. ಅಯಸ್ಕಾಂತದ ಬಳಿ ಚಕ್ರದ ಹಲ್ಲುಗಳು ಹಾದುಹೋದಾಗ ಹುಟ್ಟುವ ವಿದ್ಯುತ್ತೇ ಸ್ವರವಾಗುತ್ತದೆ. ಒಂಬತ್ತು ಡ್ರಾಬಾರ್‌ಗಳನ್ನು ಎಳೆದೂ ತಳ್ಳಿಯೂ ನಾದದ ಬಣ್ಣ ಬದಲಿಸಬಹುದು. ಕೀಲಿಯನ್ನು ಎಷ್ಟೇ ಜೋರಾಗಿ ಒತ್ತಿದರೂ ಸದ್ದು ಹೆಚ್ಚುವುದಿಲ್ಲ. ಹಾರ್ಮೋನಿಯಂನಲ್ಲಿ ತಿದಿ ಮಾಡುವ ಕೆಲಸವನ್ನು ಇಲ್ಲಿ ಬಲಗಾಲಿನ ಕೆಳಗಿರುವ, ಸದ್ದು ಏರಿಳಿಸುವ ಬೇರೊಂದು ಪೆಡಲ್ ಮಾಡುತ್ತದೆ. ಇಂಥ ವಾದ್ಯದ ಜೊತೆಗೆ ಟ್ರಂಪೆಟ್, ಟ್ರಾಂಬೋನ್, ಸ್ಯಾಕ್ಸೊಫೋನ್‌ಗಳ ಸಾಲುಗಳೂ ಒಟ್ಟಿಗೆ ನುಡಿದರೆ ಒಂದನ್ನೊಂದು ಮುಚ್ಚಿಹಾಕುತ್ತವೆ.

ಸ್ಮಿತ್ ಅವರ ಬಳಿ ಇದಕ್ಕೆ ಒಂದು ಉತ್ತರವಿತ್ತು. ಮೊದಲ ಮೂರು ಡ್ರಾಬಾರ್‌ಗಳನ್ನು ಪೂರ್ತಿ ಎಳೆದು ಉಳಿದವನ್ನು ಒಳಗೇ ಬಿಡುವುದು, ಜೊತೆಗೆ ‘ಪರ್ಕಷನ್’ ಗುಂಡಿ ಹಾಕುವುದು: ಅವರ ಹೆಸರಿನೊಂದಿಗೇ ಬೆಸೆದುಕೊಂಡಿರುವ ನಾದ ಇದು. ಪರ್ಕಷನ್ ಪ್ರತಿ ಸ್ವರದ ಆರಂಭಕ್ಕೆ ಚುರುಕಾದ ಮೊನೆ ಕೊಡುತ್ತದೆ. ಆದರೆ ಎಲ್ಲ ಕೀಲಿಗಳನ್ನೂ ಬಿಟ್ಟು ಹೊಸದಾಗಿ ಒತ್ತಿದರೆ ಮಾತ್ರ ಅದು ಹುಟ್ಟುತ್ತದೆ. ಸ್ವರಕ್ಕೆ ಸ್ವರ ಅಂಟಿಸಿ ನುಡಿಸುವ ಅಭ್ಯಾಸವಿರುವವರು ಇದನ್ನು ತಪ್ಪದೆ ಗಮನಿಸಬೇಕು. ಸ್ಮಿತ್ ಅವರ ಬೆರಳುಗಳ ಸ್ಪಷ್ಟತೆ ಬ್ಯಾಂಡನ್ನು ಸೀಳಿಕೊಂಡು ಕೇಳಿಸುವುದು ಇದರಿಂದಲೇ.

ಇನ್ನೊಂದು ಉತ್ತರ ನೆಲ್ಸನ್ ಅವರದು, ನನಗೆ ಹೆಚ್ಚು ಮೆಚ್ಚುಗೆಯಾದದ್ದೂ ಅದೇ: ಆರ್ಗನ್ ಬರುವವರೆಗೆ ಕೇಳುಗರನ್ನು ಕಾಯುವಂತೆ ಮಾಡುವುದು. ಈ ಆಲ್ಬಂನ ‘ವಾಕ್ ಆನ್ ದ ವೈಲ್ಡ್ ಸೈಡ್’ ಅದೇ ಹೆಸರಿನ ಚಿತ್ರಕ್ಕಾಗಿ ಎಲ್ಮರ್ ಬರ್ನ್‌ಸ್ಟೈನ್ ಬರೆದ ಸಂಗೀತ. ಬ್ಯಾಂಡ್ ಮೆಲ್ಲಗೆ ಆರಂಭಿಸಿ ರಾಗವನ್ನು ತಾನೇ ಕಟ್ಟಿ ಏರಿಸುತ್ತದೆ. ಆರ್ಗನ್ ಬಹಳ ಹೊತ್ತು ಮುಂದೆ ಬರುವುದೇ ಇಲ್ಲ. ಕೊನೆಗೆ ಬಂದಾಗ ಬ್ಯಾಂಡ್ ಹಿಂದೆ ಸರಿದು ಜಾಗ ಬಿಡುತ್ತದೆ, ಬಳಿಕ ಬಿಡುವು ಸಿಕ್ಕಲ್ಲಿ ಗಿಡ್ಡ ಪದಗುಚ್ಛಗಳಿಂದ ಆರ್ಗನ್ನಿಗೆ ಓಗೊಡುತ್ತದೆ. ಬೋಧಕ ಹಾಡಿದಂತೆ ಸಭೆ ಉತ್ತರಿಸುವ ಕಪ್ಪು ಅಮೆರಿಕನ್ನರ ಚರ್ಚ್‌ಗಳ ಪದ್ಧತಿಯೂ ಹೀಗೆಯೇ. ಸೋಲ್ ಜಾಝ್‌ನ ಬೇರು ಅಲ್ಲಿದೆ. ಬಿಲ್‌ಬೋರ್ಡ್ ಪಾಪ್ ಪಟ್ಟಿಯಲ್ಲಿ 21ನೆಯ ಸ್ಥಾನದವರೆಗೆ ಏರಿದ ಹಾಡಿದು.

ಮುಂದಿನ ಅಭ್ಯಾಸ ಬೇಸ್‌ನದು. ಮೊದಲ ಬದಿಯಲ್ಲಿ ಡಬಲ್ ಬೇಸ್ ನುಡಿಸುವವರು ಜಾರ್ಜ್ ಡುವಿವಿಯೆ, ಹಾಗಾಗಿ ಬೇಸ್, ಅಂದರೆ ಕೆಳಗಿನ ಸ್ವರಗಳ ಆಧಾರ, ನುಡಿಸುವ ಹೊರೆಯಿಂದ ಸ್ಮಿತ್ ಮುಕ್ತರು. ಎರಡನೆಯ ಬದಿಯಲ್ಲಿ ಬೇಸ್ ವಾದಕರಿಲ್ಲ, ಆ ಕೆಲಸ ಸ್ಮಿತ್ ಅವರ ಎಡಗೈಯದು. ಅಲ್ಲಿ ಬಲಗೈಯನ್ನು ಮರೆತು ಕೆಳಗಿನ ಸ್ವರಗಳನ್ನಷ್ಟೇ ಹಿಂಬಾಲಿಸಿ, ಡೊನಾಲ್ಡ್ ಬೇಲಿ ಅವರ ಡ್ರಮ್ಸ್ ಜೊತೆ ಎಡಗೈ ಹೇಗೆ ನಡೆಯುತ್ತದೆ ಎಂದು ಬಾಯಲ್ಲಿ ಹಾಡಿಕೊಳ್ಳಿ, ಆಮೇಲೆ ಕೀಲಿಗಳ ಮೇಲೆ ಕೈಯಿಡಿ.